ಚಿಕ್ಕಂದಿನ ವಿಶ್ವಾಸ, ದೊಡ್ಡವರಾದ ಮೇಲಿನ ವಿಶ್ವಾಸ



ಬೆಟ್ಟ ಹತ್ತಿ ಬಂದಿದ್ದೀರಿ. ಮೊದಲು ನೆರಳಲ್ಲಿ ಸ್ವಲ್ಪ ಕೂತು ನೀರು ಕುಡಿಯಿರಿ. ಮೇಣದಬತ್ತಿ ಹಚ್ಚುವುದಕ್ಕೆ ಇನ್ನೂ ಸಮಯವಿದೆ. ನಾನು ಗುರುವಲ್ಲ, ಉಪದೇಶಿಯೂ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಒಬ್ಬ ಮೇಷ್ಟ್ರು. ಪ್ರತಿ ವರ್ಷ ನಿಮ್ಮ ಹಾಗೇ ಈ ಮೆಟ್ಟಿಲು ಹತ್ತುವವನು.

ಹತ್ತುವಾಗ ಒಂದು ವಿಷಯ ಗಮನಿಸಿದ್ದೇನೆ. ಅಪ್ಪಂದಿರ ಹೆಗಲ ಮೇಲೆ ಸಣ್ಣ ಮಕ್ಕಳು ಇರುತ್ತಾರೆ, ಸೆರಗು ಹಿಡಿದು ನಡೆಯುವ ಮಕ್ಕಳೂ ಇರುತ್ತಾರೆ. ಆದರೆ ಹದಿನೆಂಟು, ಇಪ್ಪತ್ತರ ಪ್ರಾಯದವರು ಕಡಿಮೆ. "ಮಗ ಬರ್ಲಿಲ್ವಾ?" ಎಂದು ಪರಿಚಯದವರನ್ನು ಕೇಳಿದರೆ, "ಅವ್ನಿಗೆ ಪರೀಕ್ಷೆ ಸಾರ್" ಅನ್ನುತ್ತಾರೆ. ಪರೀಕ್ಷೆ ಇಲ್ಲದ ತಿಂಗಳಲ್ಲೂ ಹಾಗೇ ಅನ್ನುತ್ತಾರೆ. ನಿಮ್ಮ ಜೊತೆಗೂ ಬರಬೇಕಾಗಿದ್ದವರು ಒಬ್ಬರು ಬಾರದೆ ಮನೆಯಲ್ಲಿ ಉಳಿದಿರಬಹುದು. ಅಥವಾ ಬಂದಿದ್ದೂ ಮನಸ್ಸು ಬಾರದೆ ಇರುವವರು ನೀವೇ ಇರಬಹುದು. ಇದು ಅಂಥವರಿಗಾಗಿ ಬರೆದದ್ದು.

ನಮ್ಮದು ಕನಕಪುರದ ಕಡೆಯ ಒಂದು ಹಳ್ಳಿ. ತಲೆತಲಾಂತರದಿಂದ ಕ್ರೈಸ್ತರು, ಕಸುಬು ರೇಷ್ಮೆ. ಮನೆಯಲ್ಲಿ ಹುಳುವಿನ ತಟ್ಟೆಗಳಿಗೆ ಜಾಗ ಬಿಟ್ಟು ಮಿಕ್ಕ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿಯನ್ನು ಅಪ್ಪ ಹುಳುವಿನ ಕೋಣೆಯ ಸೂರಿಗೆ ಸಿಕ್ಕಿಸುತ್ತಿದ್ದರು. ಹೊಸ ಮೊಟ್ಟೆ ತಂದ ದಿನ ತೀರ್ಥ ಚಿಮುಕಿಸುತ್ತಿದ್ದರು. ಬೆಳೆ ಚೆನ್ನಾಗಿ ಬಂದು ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿಗೆ ಒಳ್ಳೆ ರೇಟು ಸಿಕ್ಕಿದರೆ ಮಾತೆಗೆ ಒಂದು ಕಟ್ಟು ಮೇಣದಬತ್ತಿ. ಹುಳುವಿಗೆ ಹಾಲುರೋಗ ಬಂದು ತಟ್ಟೆಗಟ್ಟಲೆ ತಿಪ್ಪೆಗೆ ಹೋದರೆ ಅವ್ವ ನಮ್ಮ ಮುಖ ನೋಡಿ ಕೇಳುತ್ತಿದ್ದ ಮೊದಲ ಮಾತು, "ನೆನ್ನೆ ಜಪಸರದಾಗೆ ಯಾರ್ಲಾ ತೂಕಡಿಸಿದ್ದು?"

ನನಗೆ ದೇವರು ಎಂದರೆ ಹೀಗೆ ಕೊಡುವ, ತೆಗೆದುಕೊಳ್ಳುವ, ಎಲ್ಲವನ್ನೂ ಬರೆದಿಡುವ ಒಬ್ಬ ದೊಡ್ಡ ಯಜಮಾನರು. ಆಗ ಅದರಲ್ಲಿ ಭಯಕ್ಕಿಂತ ಸುಖವೇ ಜಾಸ್ತಿ ಇತ್ತು, ಸುಳ್ಳು ಹೇಳಬಾರದು. ಲೋಕಕ್ಕೆ ಒಂದು ಲೆಕ್ಕ ಇದೆ, ಆ ಲೆಕ್ಕ ನಮ್ಮ ಮನೆಯವರಿಗೆ ಗೊತ್ತಿದೆ ಎನ್ನುವ ಧೈರ್ಯ ಅದು.

ನಮ್ಮ ಸೀಮೆಯಲ್ಲಿ ತಪಸ್ಸುಕಾಲದಲ್ಲಿ ಯೇಸುಸ್ವಾಮಿಯ ಪಾಡಿನ ನಾಟಕ ಆಡುವುದುಂಟು. ಹಾರೋಬೆಲೆಯ ನಾಟಕದ ಹೆಸರು ನೀವು ಕೇಳಿರಬಹುದು. ಐದಾರು ವರ್ಷದವನಿದ್ದಾಗ ಒಮ್ಮೆ ಅಪ್ಪನ ತೊಡೆಯ ಮೇಲೆ ಕೂತು ನೋಡಿದೆ. ಸಿಪಾಯಿಗಳು ಸ್ವಾಮಿಗೆ ಚಾಟಿಯಲ್ಲಿ ಹೊಡೆಯುವಾಗ ಅತ್ತು ರಂಪ ಮಾಡಿದೆನಂತೆ. ಮಾರನೇ ಬೆಳಿಗ್ಗೆ ನೋಡುತ್ತೇನೆ, ಸ್ವಾಮಿ ಟೀ ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದಾರೆ! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಓಡಿ "ಅವ್ವಾ, ಸ್ವಾಮಿ ಎದ್ದವ್ರೆ!" ಎಂದು ಕೂಗಿದೆ. ಅವ್ವ ಮುದ್ದೆ ತೊಳಸುತ್ತಾ, "ಇನ್ನೂ ಭಾನುವಾರ ಬಂದಿಲ್ಲ, ಸುಮ್ಕಿರ್ಲಾ" ಅಂದರು. ಈಗಲೂ ಪಾಸ್ಖ ಹಬ್ಬದ ರಾತ್ರಿ ಪೂಜೆಯಲ್ಲಿ ಆ ಬೀಡಿಯ ನೆನಪು ಬಂದು ನಗು ತಡೆಯುವುದು ಕಷ್ಟವಾಗುತ್ತದೆ. ಮಕ್ಕಳ ವಿಶ್ವಾಸವನ್ನು ನಾನು ಹಗುರವಾಗಿ ಕಾಣುವವನಲ್ಲ. ಮಕ್ಕಳನ್ನು ತಡೆಯಬೇಡಿ ಎಂದು ಪ್ರಭುವೇ ಶಿಷ್ಯರನ್ನು ಗದರಿದರಲ್ಲವೇ. ಆದರೆ ಆ ವಿಶ್ವಾಸಕ್ಕೆ ಒಂದು ದಿನ ಪೆಟ್ಟು ಬಿದ್ದೇ ಬೀಳುತ್ತದೆ, ಬಿದ್ದಾಗ ಮನೆಯವರು ಏನು ಮಾಡಬೇಕು ಎನ್ನುವುದೇ ಇಲ್ಲಿಯ ಪ್ರಶ್ನೆ.

1973ರ ಮಳೆಗಾಲದಲ್ಲಿ ನನ್ನ ತಂಗಿಗೆ ಗಂಟಲುಮಾರಿ ಬಂತು. ಅವಳಿಗೆ ಆರು ವರ್ಷ, ನನಗೆ ಹನ್ನೊಂದು. ಅಪ್ಪ ಅವಳನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಪೇಟೆಗೆ ಹೋದರು. ಹೋಗುವ ಮುಂಚೆ ನನ್ನ ಕೈಗೆ ಚಿಲ್ಲರೆ ಕೊಟ್ಟು, "ಚರ್ಚಿಗೆ ಹೋಗಿ ಮಾತೆ ಮುಂದೆ ಬತ್ತಿ ಹಚ್ಚಿ ಬಾ" ಎಂದರು. ನಾನು ಬತ್ತಿ ಹಚ್ಚಿದೆ. ಒಂದು ಹರಕೆಯನ್ನೂ ಹೊತ್ತೆ, ತಂಗಿ ಬದುಕಿದರೆ ಈ ಬೆಟ್ಟದ ಮೆಟ್ಟಿಲುಗಳನ್ನು ಮೊಣಕಾಲಲ್ಲಿ ಹತ್ತುತ್ತೇನೆ ಎಂದು. ಆದರೆ ಕೊಟ್ಟ ಚಿಲ್ಲರೆಯಲ್ಲಿ ಹತ್ತು ಪೈಸೆ ಉಳಿಸಿಕೊಂಡು ಕಡಲೆಮಿಠಾಯಿ ತಿಂದುಬಿಟ್ಟಿದ್ದೆ.

ಮೂರನೇ ದಿನ ತಂಗಿ ತೀರಿಕೊಂಡಳು.

ಸಮಾಧಿಯ ಹತ್ತಿರ ಹಿರಿಯರೊಬ್ಬರು ನನ್ನ ತಲೆ ಸವರಿ, ದೇವರಿಗೆ ಚೆಂದದ ಹೂವು ಬೇಕಾಗಿತ್ತು, ಕಿತ್ತುಕೊಂಡ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಈ ಮಾತನ್ನು ನೀವೂ ಯಾರಿಗೋ ಅಂದಿರಬಹುದು. ದಯವಿಟ್ಟು ಮಕ್ಕಳ ಮುಂದೆ ಮಾತ್ರ ಅನ್ನಬೇಡಿ. ಪಕ್ಕದ ಮನೆಯ ಗಿಡದಿಂದ ಹೂವು ಕೀಳಬಾರದು ಎಂದು ನನಗೆ ಧರ್ಮೋಪದೇಶದಲ್ಲೇ ಹೇಳಿಕೊಟ್ಟಿದ್ದರು. ಆದರೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ನನ್ನ ಲೆಕ್ಕದ ಪ್ರಕಾರ ತಂಗಿ ಸತ್ತದ್ದು ಗಂಟಲುಮಾರಿಯಿಂದ ಅಲ್ಲ, ಹತ್ತು ಪೈಸೆಯಿಂದ. ಯಜಮಾನರು ಪೂರ್ತಿ ಬೆಲೆ ಕೇಳಿದ್ದರು, ನಾನು ಕಡಿಮೆ ಕೊಟ್ಟೆ. ಈ ಮಾತನ್ನು ಪಾಪನಿವೇದನೆಯಲ್ಲಿ ಕೂಡ ಹೇಳಲು ಧೈರ್ಯ ಬರಲಿಲ್ಲ. ಹೇಳಿದರೆ ಸ್ವಾಮಿಗಳು ಅಪ್ಪನಿಗೆ ಹೇಳಿಬಿಡುತ್ತಾರೆ ಎನ್ನುವ ಹೆದರಿಕೆ. (ಹೇಳುವುದಿಲ್ಲ ಎಂದು ಈಗ ಗೊತ್ತು, ಹನ್ನೊಂದು ವರ್ಷದವನಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?)

ಮಣ್ಣಾದ ಒಂದು ವಾರಕ್ಕೆ ಮನೆಯಲ್ಲಿ ಮತ್ತೆ ಜಪಸರ ಶುರುವಾಯಿತು. ಅಲ್ಲಿಯವರೆಗೆ ಅಪ್ಪ ಮೊದಲರ್ಧ ಹೇಳುತ್ತಿದ್ದರು, ನಾವೆಲ್ಲ ಉಳಿದರ್ಧ. ಅವತ್ತು ಅಪ್ಪ ಜಪಸರವನ್ನು ನನ್ನ ಕೈಗೆ ಕೊಟ್ಟು, "ಇನ್ಮೇಲೆ ನೀನು ಹೇಳ್ಲಾ, ದೊಡ್ಡೋನಾದೆ" ಎಂದರು. ಅಷ್ಟು ದುಃಖದಲ್ಲೂ ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಜೊತೆಗೆ ಭಯ, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಆದರೂ ದಿನಾ ಹೇಳಿದೆ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಚಿತ್ತಕ್ಕೆ ಒಪ್ಪಿಸುವ ಮಾತು ಬರುವುದು ಮೊದಲರ್ಧದಲ್ಲಿ. ಅನ್ನ ಕೇಳುವುದು, ಕ್ಷಮೆ ಕೇಳುವುದು ಎರಡನೆಯ ಅರ್ಧದಲ್ಲಿ. ಇದು ನಿಮಗೆಲ್ಲ ಗೊತ್ತಿರುವುದೇ, ಮುಂದೆ ಬೇಕಾಗುತ್ತದೆ ಎಂದು ಹೇಳಿದೆ ಅಷ್ಟೇ.

ಓದಲು ಬೆಂಗಳೂರಿಗೆ ಬಂದೆ. ಹಾಸ್ಟೆಲಿನಲ್ಲಿ ನನ್ನ ವಿಶ್ವಾಸ ಯಾವ ಜಗಳವೂ ಇಲ್ಲದೆ ಹೊರಟುಹೋಯಿತು. ಪುಸ್ತಕ ಓದಿಯೋ ಯಾರದೋ ಭಾಷಣ ಕೇಳಿಯೋ ಹೋದದ್ದಲ್ಲ. ಒಂದು ಭಾನುವಾರ ಪೂಜೆಗೆ ಹೋಗಲಿಲ್ಲ, ಏನೂ ಆಗಲಿಲ್ಲ. ಇನ್ನೊಂದು ಭಾನುವಾರವೂ ಆಗಲಿಲ್ಲ. ಯಜಮಾನರು ಅಂಗಡಿ ಮುಚ್ಚಿದ್ದಾರೆ ಎಂದು ತಿಳಿದುಕೊಂಡೆ. ಎದೆಯ ಮೇಲಿಂದ ಹತ್ತು ಪೈಸೆಯ ಭಾರ ಇಳಿದ ಹಾಗೂ ಆಯಿತು. ಆದರೆ ಊರಿಗೆ ಹೋದಾಗ ಚರ್ಚಿನ ಮೊದಲ ಸಾಲಿನಲ್ಲಿ ಮೊಣಕಾಲೂರುತ್ತಿದ್ದೆ. ಚರ್ಚಿನಲ್ಲೇ ಮದುವೆಯಾದೆ. 1993ರಲ್ಲಿ ಮಗಳು ಹುಟ್ಟಿದಾಗ ಅವಳ ದೀಕ್ಷಾಸ್ನಾನದಲ್ಲಿ ಅವಳ ಪರವಾಗಿ "ವಿಶ್ವಾಸಿಸುತ್ತೇನೆ" ಎಂದು ಗಟ್ಟಿಯಾಗಿ ಹೇಳಿದೆ. ಅಪ್ಪ ಪಕ್ಕದಲ್ಲಿ ನಿಂತಿದ್ದರು. ಇಡೀ ಮನೆಯಲ್ಲಿ ಪೊಳ್ಳು ಕಾಳು ನಾನೊಬ್ಬನೇ ಎಂದು ನನ್ನ ಭಾವನೆ.

ಸಂತ ಅಗಸ್ಟೀನರ ಕಥೆ ನಮ್ಮ ತಾಯಂದಿರಿಗೆಲ್ಲ ಗೊತ್ತು. ಅಡ್ಡದಾರಿ ಹಿಡಿದ ಮಗ, ಅಳುತ್ತಾ ಪ್ರಾರ್ಥಿಸಿದ ತಾಯಿ ಮೋನಿಕಾ, ಕೊನೆಗೆ 387ರ ಪಾಸ್ಖ ಹಬ್ಬದಲ್ಲಿ ಮಿಲಾನಿನಲ್ಲಿ ಮಗನಿಗೆ ದೀಕ್ಷಾಸ್ನಾನ. ಪ್ರಸಂಗಗಳಲ್ಲಿ ಇಷ್ಟೇ ಹೇಳುತ್ತಾರೆ. ಆದರೆ ಅವರು ತಮ್ಮ ಆತ್ಮನಿವೇದನೆಯ ಪುಸ್ತಕದಲ್ಲಿ ಬಾಲ್ಯದ ಒಂದು ಸಣ್ಣ ಸಂಗತಿ ಬರೆದಿದ್ದಾರೆ. ಶಾಲೆಯಲ್ಲಿ ಮೇಷ್ಟ್ರು ಹೊಡೆಯುತ್ತಿದ್ದರು. ಹೊಡೆಯದೆ ಇರುವಂತೆ ಮಾಡು ಎಂದು ಆ ಪುಟ್ಟ ಹುಡುಗ ದೇವರಲ್ಲಿ ಬೇಡಿಕೊಂಡ. ಏಟು ನಿಲ್ಲಲಿಲ್ಲ. ಅದನ್ನು ನೋಡಿ ದೊಡ್ಡವರು, ಹೆತ್ತವರು ಕೂಡ ನಕ್ಕರು. ಅವರಿಗೆ ಅದು ತಮಾಷೆ, ಹುಡುಗನಿಗೆ ಅದು ಮೊದಲ ಪ್ರಾರ್ಥನೆ. ನಲವತ್ತು ದಾಟಿ, ಬಿಷಪ್ಪರಾದ ಮೇಲೆ ಅದನ್ನು ನೆನೆದು ಬರೆದರು ಅಂದರೆ ಆ ನಗು ಎಷ್ಟು ನಾಟಿರಬೇಕು ನೋಡಿ!

ಮೋನಿಕಾ ತಾಯಿಯ ಕಣ್ಣೀರಿನಷ್ಟೇ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಮಗನನ್ನು ವಾದದಲ್ಲಿ ಸೋಲಿಸಿಕೊಡಿ ಎಂದು ಆಕೆ ಒಬ್ಬ ಬಿಷಪ್ಪರನ್ನು ಕೇಳಿದಾಗ ಅವರು ಒಪ್ಪಲಿಲ್ಲ. ಸದ್ಯಕ್ಕೆ ಅವನನ್ನು ಅವನ ಪಾಡಿಗೆ ಬಿಡು, ಪ್ರಾರ್ಥನೆ ಮಾಡು, ಓದುತ್ತಾ ಓದುತ್ತಾ ತಾನೇ ಕಂಡುಕೊಳ್ಳುತ್ತಾನೆ ಎಂದರು. ಕೊನೆಗೆ ಓಸ್ಟಿಯಾ ಎಂಬ ಬಂದರಿನಲ್ಲಿ, ಊರಿಗೆ ಹೋಗುವ ಹಡಗಿಗೆ ಕಾಯುತ್ತಾ, ತಾಯಿ ಮಗ ಇಬ್ಬರೇ ಒಂದು ಕಿಟಕಿಗೆ ಒರಗಿ ನಿತ್ಯಜೀವದ ಬಗ್ಗೆ ಮಾತಾಡಿದರು. ಮಗನಿಗೆ ಮೂವತ್ತಮೂರು, ತಾಯಿಗೆ ಐವತ್ತಾರು. ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಅಷ್ಟು ವರ್ಷ ಮಗನ ಬಗ್ಗೆ ದೇವರ ಹತ್ತಿರ ಮಾತಾಡಿದ್ದ ತಾಯಿ ಅವತ್ತು ದೇವರ ಬಗ್ಗೆ ಮಗನ ಹತ್ತಿರ ಸರಿಸಮನಾಗಿ ಕೂತು ಮಾತಾಡಿದರು. ನಮ್ಮ ಮನೆಗಳಲ್ಲಿ ಜಪ ಇದೆ, ಗದರಿಕೆ ಇದೆ, ಕಣ್ಣೀರೂ ಇದೆ. ಇಂಥ ಮಾತು ಎಷ್ಟು ಮನೆಗಳಲ್ಲಿದೆ?

ನಮ್ಮ ಮನೆಯಲ್ಲಂತೂ ಇರಲಿಲ್ಲ. 2009ರಲ್ಲಿ ಮಗಳ ದೃಢೀಕರಣಕ್ಕೆ ಎಲ್ಲ ತಯಾರಿ ಆಗಿತ್ತು. ಬಟ್ಟೆ ಹೊಲಿಸಿ ಆಗಿತ್ತು, ನೆಂಟರಿಗೆ ಹೇಳಿಯೂ ಆಗಿತ್ತು. ಹದಿನೈದು ದಿನ ಇರುವಾಗ ಮಗಳು, "ಅಪ್ಪ, ನನಗೆ ಬೇಡ" ಎಂದಳು. ಯಾಕೆ ಎಂದೆ. "ಬಿಷಪ್ಪರು ವಿಶ್ವಾಸಿಸುತ್ತೀಯಾ ಅಂತ ಕೇಳಿದ್ರೆ ಹೌದು ಅನ್ನಬೇಕು. ನನಗೆ ಗೊತ್ತಿಲ್ಲ ಅಪ್ಪ. ಗೊತ್ತಿಲ್ಲದೆ ಹೌದು ಅನ್ನೋದು ಸುಳ್ಳಲ್ವಾ? ಅದೂ ಅಲ್ಲಿ ನಿಂತುಕೊಂಡು?"

ನಾನು ಏನು ಮಾಡಿದೆ ಗೊತ್ತೇ? ಕೂಗಾಡಿದೆ. ತಾತನ ಮುಖ ಹೇಗೆ ನೋಡಲಿ, ಜನ ಏನಂದಾರು, ನಿನ್ನನ್ನು ಓದಿಸಿದ್ದಕ್ಕೆ ಇದೇನಾ ಎಂದು ಬಾಯಿಗೆ ಬಂದದ್ದು ಅಂದೆ. ಹದಿನಾರು ವರ್ಷ ಹಿಂದೆ ಅವಳ ಪರವಾಗಿ ನಾನು ಹೇಳಿದ್ದು ಅವಳು ಈಗ ಹೇಳಲು ಹೆದರುತ್ತಿದ್ದ ಅದೇ ಸುಳ್ಳು. ಅವಳಿಗಿದ್ದ ಭಯಭಕ್ತಿ ನನಗಿರಲಿಲ್ಲ. ಇದು ಹೊಳೆಯುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಮೂರನೇ ದಿನ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪನಿಗೆ ಆಗ ಎಪ್ಪತ್ತೇಳು, ಅವ್ವ ಇರಲಿಲ್ಲ. ಜಗಲಿಯ ಮೇಲೆ ಕೂತು ಮೊಮ್ಮಗಳ ಮಾತನ್ನು ಹಾಗ್ಹಾಗೇ ಹೇಳಿದೆ. ಬೈಯುತ್ತಾರೆ, ಅವಳಿಗೆ ಬುದ್ಧಿ ಹೇಳುತ್ತಾರೆ ಎಂದು ಕಾದೆ.

ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, "ನಾನು ಜಪಸರ ನಿನ್ನ ಕೈಗೆ ಯಾಕೆ ಕೊಟ್ಟೆ ಗೊತ್ತೇನಪ್ಪಾ?" ಎಂದರು.

"ದೊಡ್ಡೋನಾದೆ ಅಂತ."

"ಅಲ್ಲ ಕಣಪ್ಪಾ. ಪಾಪ ಹೋದ್ಮೇಲೆ ಆ ಚಿತ್ತದ ಮಾತು ನನ್ನ ಬಾಯಲ್ಲಿ ಬತ್ತಾ ಇರ್ಲಿಲ್ಲ. ಗಂಟಲ ತಂಕ ಬರೋದು, ನಿಂತೋಗೋದು. ಮಗೀನ ಮಣ್ಣು ಮಾಡಿ ಬಂದು, ನಿನ್ನಿಷ್ಟದಂಗೆ ಆಗ್ಲಿ ಅಂತ ಹೆಂಗನ್ಲಿ? ಸುಳ್ಳಾಯ್ತದೆ. ಅದ್ಕೆ ನಿನ್ನ ಕೈಗೆ ಕೊಟ್ಟೆ. ನೀನು ಹೇಳ್ತಿದ್ದೆ, ನಾನು ಉಳಿದದ್ದ ಹೇಳ್ತಿದ್ದೆ. ಅನ್ನ ಕೊಡು, ತಪ್ಪಾಗದೆ ಕ್ಷಮಿಸು ಅಂತ. ಅಷ್ಟು ಹೇಳಕ್ಕಾಯ್ತಿತ್ತು."

ಎಷ್ಟು ವರ್ಷ ಎಂದು ಕೇಳಿದೆ. "ನಿನ್ನ ಮದ್ವೆ ಆದ ವರ್ಷದ ತಂಕ" ಎಂದರು. ನನ್ನ ಮದುವೆ ಆದದ್ದು 1991ರಲ್ಲಿ. ಹದಿನೆಂಟು ವರ್ಷ!

ಆಮೇಲೆ ಆ ಮಾತು ಹೇಗೆ ಬಂತು ಎಂದೆ. ಅಪ್ಪ ಹೇಳಿದ್ದು ಇಷ್ಟು. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ರಾತ್ರಿ ಒಬ್ಬರೇ ಸೊಪ್ಪು ಹಾಕುತ್ತಿದ್ದರಂತೆ. ರೇಷ್ಮೆ ಸಾಕಿದವರಿಗೆ ಗೊತ್ತು, ಆಗ ಹುಳು ಸೊಪ್ಪು ಮೇಯುವ ಸದ್ದು ಸೂರಿನ ಮೇಲೆ ಸೋನೆ ಮಳೆ ಬಿದ್ದ ಹಾಗಿರುತ್ತದೆ. ಅಭ್ಯಾಸದಂತೆ ಬಾಯಲ್ಲಿ ಜಪ ನಡೆದಿತ್ತು. ಮುಂದಿನ ಮಣಿಗೆ ಬಂದ ಮೇಲೆ ಗೊತ್ತಾಯಿತಂತೆ, ಆ ಮಾತನ್ನೂ ಹೇಳಿಬಿಟ್ಟಿದ್ದೇನೆ ಎಂದು. "ಏನೂ ಆಗ್ಲಿಲ್ಲ. ಬೆಳಕು ಗಿಳಕು ಏನಿಲ್ಲ. ಹುಳ ಮೇಯ್ತಾ ಇದ್ವು."

ಆಗ ನಾನು ಹತ್ತು ಪೈಸೆಯ ಕಥೆ ಹೇಳಿದೆ. ಅಪ್ಪನ ಕಣ್ಣಲ್ಲಿ ಅಷ್ಟು ನೀರು ನಾನು ತಂಗಿ ಸತ್ತಾಗಲೂ ನೋಡಿರಲಿಲ್ಲ. "ಮೂವತ್ತಾರು ವರ್ಷ ಇದ ಮಡಿಕ್ಕೊಂಡಿದ್ದಾ? ನಾನೇ ಅಲ್ವೇನ್ಲಾ ಚಿಲ್ರೆ ಕೊಟ್ಟಿದ್ದು? ಮಿಠಾಯಿ ತಿನ್ಲಿ ಅಂತಾನೇ ಜಾಸ್ತಿ ಕೊಟ್ಟಿದ್ದೆ."

ಬಂಧುಗಳೇ, ಒಂದೇ ಸೂರಿನ ಕೆಳಗೆ, ಒಂದೇ ದೀಪದ ಮುಂದೆ ದಿನಾ ಮೊಣಕಾಲೂರಿದ ಅಪ್ಪ ಮಗ. ಅಪ್ಪನಿಗೆ ಹೇಳಲಾಗದ ಮಾತನ್ನು ಮಗ ಹೇಳುತ್ತಿದ್ದ, ಮಗನಿಗೆ ಬೇಕಾಗಿದ್ದ ಕ್ಷಮೆಯನ್ನು ಅಪ್ಪ ಕೇಳುತ್ತಿದ್ದ. ಇಬ್ಬರಿಗೂ ಇದು ಗೊತ್ತಿರಲಿಲ್ಲ. ಒಂದು ಪ್ರಾರ್ಥನೆಯನ್ನು ಒಬ್ಬನೇ ಪೂರ್ತಿ ಹೊರಲಾರದ ಕಾಲ ಬರುತ್ತದೆ, ಆಗ ಮನೆಯವರು ಮಿಕ್ಕದ್ದನ್ನು ಹೊರುತ್ತಾರೆ ಎಂದು ನಾನು ಕಲಿತದ್ದು ಆ ಜಗಲಿಯ ಮೇಲೆ. ಅಪ್ಪನದು ಪೊಳ್ಳು ವಿಶ್ವಾಸ ಆಗಿತ್ತೇ? ನಾನು ಹಾಗೆ ತಿಳಿಯುವುದಿಲ್ಲ. ಸುಳ್ಳಾಗುತ್ತದೆ ಎಂದು ಒಂದು ಮಾತನ್ನು ಬಿಟ್ಟು, ನಿಜವಾದದ್ದನ್ನು ದಿನಾ ಹೇಳಿದ ಮನುಷ್ಯ ಅವರು. ಮೊಮ್ಮಗಳ ಮಾತು ಅವರಿಗೆ ಥಟ್ಟನೆ ಅರ್ಥವಾದದ್ದೂ ಅದಕ್ಕೇ.

ಆಮೇಲೆ ಬೈಬಲ್ ತೆಗೆದು ನೋಡಿದೆ. ಪ್ರಭು ಕಲಿಸಿದ ಪ್ರಾರ್ಥನೆ ಎರಡು ಕಡೆ ಇದೆ, ಮತ್ತಾಯನ ಆರನೇ ಅಧ್ಯಾಯದಲ್ಲಿ ಮತ್ತು ಲೂಕನ ಹನ್ನೊಂದರಲ್ಲಿ. ಲೂಕನದು ಚಿಕ್ಕದು. ಅದರ ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ದೇವರ ಚಿತ್ತದ ಆ ಮಾತೇ ಇಲ್ಲ. ಇದನ್ನು ಹೇಳಿದಾಗ ಅಪ್ಪ ನಕ್ಕು, "ಹಂಗಾದ್ರೆ ನಾನು ಲೂಕನ ಕಡೆಯೋನು ಅನ್ನು" ಎಂದರು. ಮತ್ತಾಯನಲ್ಲಿ ಮಾತ್ರ ಆ ಮಾತು ಎರಡು ಸಲ ಬರುತ್ತದೆ, ಒಮ್ಮೆ ಪ್ರಭು ಶಿಷ್ಯರಿಗೆ ಕಲಿಸುವಾಗ, ಇನ್ನೊಮ್ಮೆ ಗೆತ್ಸೆಮನೆ ತೋಟದಲ್ಲಿ. ಕಲಿಸುವಾಗ ಹಗಲು, ಸುತ್ತ ಜನ. ತಾನೇ ಹೇಳುವಾಗ ರಾತ್ರಿ, ಶಿಷ್ಯರು ನಿದ್ದೆಯಲ್ಲಿ. ಅದೂ ನೇರವಾಗಿ ಬರಲಿಲ್ಲ. ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಮೊದಲು ಬೇಡಿಕೊಂಡ ಮೇಲೆ, ಮುಖ ಕವುಚಿ ಬಿದ್ದ ಮೇಲೆ ಬಂತು. ಕಲಿಸಿದವರಿಗೇ ಅಷ್ಟು ಕಷ್ಟವಾದ ಮಾತನ್ನು ನಾವು ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತೇವೆ. ಮಾಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನನಗೂ ಹಾಗೇ ಬಂದದ್ದು, ಆ ಬಾಯಿಪಾಠವೇ ಅಪ್ಪನನ್ನು ಕಾಪಾಡಿದ್ದು. ಆದರೆ ಇದು ಕಷ್ಟದ ಮಾತು ಎಂದು ಒಂದು ದಿನ ಅವರಿಗೆ ಹೇಳಬೇಕು.

ಇಲ್ಲೊಂದು ನ್ಯಾಯದ ಪ್ರಶ್ನೆ ಬರುತ್ತದೆ. ಅಪ್ಪ ಮುಚ್ಚಿಟ್ಟದ್ದು ಸರಿಯೇ? ಹಿರಿಯರು ತಮ್ಮ ಸಂಶಯವನ್ನು ಮಕ್ಕಳಿಗೆ ಹೇಳಿದರೆ ಮಕ್ಕಳ ಗತಿ ಏನು ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಅಪ್ಪ 1973ರಲ್ಲಿ ನನ್ನನ್ನು ಕೂರಿಸಿಕೊಂಡು, ನನಗೆ ನಂಬಲು ಆಗುತ್ತಿಲ್ಲ ಎಂದಿದ್ದರೆ ನಾನು ನಿಲ್ಲಲು ನೆಲವೇ ಇರುತ್ತಿರಲಿಲ್ಲ. ಆ ವಯಸ್ಸಿನ ಮಗುವಿಗೆ ಬೇಕಾಗಿರುವುದು ಹಿಡಿದುಕೊಳ್ಳಲು ಒಂದು ಕೈ. ಆದರೆ ನಾನು ಇಪ್ಪತ್ತರವನಾಗಿ, ಬೆಂಗಳೂರಿನಿಂದ ಬಂದು ಮೊದಲ ಸಾಲಿನಲ್ಲಿ ನಾಟಕ ಆಡುತ್ತಿದ್ದಾಗ ಹೇಳಬಹುದಿತ್ತಲ್ಲ? ಹೇಳಿದ್ದರೆ ಈ ಮನೆಯಲ್ಲಿ ಕತ್ತಲೆ ಕಂಡವನು ನಾನೊಬ್ಬನೇ ಅಲ್ಲ ಎಂದು ಗೊತ್ತಾಗುತ್ತಿತ್ತು. ದೊಡ್ಡವರ ವಿಶ್ವಾಸ ಎಂದರೆ ಚಿಕ್ಕಂದಿನ ವಿಶ್ವಾಸವೇ ಮೀಸೆ ಬಿಟ್ಟುಕೊಂಡು ಕೂತಿರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲದ ಒಂದು ವಿಶ್ವಾಸ ಪಕ್ಕದಲ್ಲೇ ಕೂತಿತ್ತು, ನೋಡಲಿಲ್ಲ. ಇದರಲ್ಲಿ ಅಪ್ಪನ ತಪ್ಪೂ ಸ್ವಲ್ಪ ಇದೆ ಎಂದೇ ನನ್ನ ಅಭಿಪ್ರಾಯ. ಅವರ ಮುಂದೆಯೇ ಅಂದೆ, ಒಪ್ಪಿಕೊಂಡರು. ನನ್ನದು ಅದಕ್ಕಿಂತ ದೊಡ್ಡ ತಪ್ಪು. ನಾನೂ ನನ್ನ ಮಗಳಿಗೆ ಅದನ್ನೇ ಮಾಡಿದೆ, ಅದೂ ಕೂಗಾಡಿ.

ಸಂತರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ತಮ್ಮ ಆತ್ಮಗುರುಗಳಿಗೆ ಬರೆದಿದ್ದ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಹೊರಬಂದಾಗ ಲೋಕವೇ ಬೆರಗಾಯಿತು. ಬಡವರ ಸೇವೆಗೆ ಹೊರಟ ಕಾಲದಿಂದ ಸುಮಾರು ಐವತ್ತು ವರ್ಷ, ನಡುವೆ ಒಂದಿಷ್ಟು ದಿನ ಬಿಟ್ಟರೆ, ಪ್ರಾರ್ಥನೆಯಲ್ಲಿ ಆ ತಾಯಿಗೆ ದೇವರು ಇದ್ದಾರೆ ಎನ್ನುವ ಅನುಭವವೇ ಇರಲಿಲ್ಲ. ಬರೀ ಕತ್ತಲೆ. ಜೊತೆಯ ಸಿಸ್ಟರುಗಳಿಗೂ ತಿಳಿದಿರಲಿಲ್ಲ. ಆ ಪತ್ರಗಳನ್ನು ನಾಶಮಾಡಿ ಎಂದು ಅವರೇ ಕೇಳಿಕೊಂಡಿದ್ದರು, ಗುರುಗಳು ಉಳಿಸಿಕೊಂಡರು. ಪ್ರಕಟಿಸಬಾರದಿತ್ತು ಎಂದು ನಮ್ಮಲ್ಲೇ ಕೆಲವರು ಅಂದರು. ನನಗಂತೂ ಆ ಸುದ್ದಿ ಓದಿದಾಗ ಹಲವು ವರ್ಷಗಳಲ್ಲಿ ಮೊದಲ ಸಲ ಪೂಜೆಗೆ ಹೋಗಬೇಕು ಅನ್ನಿಸಿತು. 2016ರಲ್ಲಿ ಅವರು ಸಂತರೆಂದು ಘೋಷಿತರಾದರು, ಆ ಪತ್ರಗಳೆಲ್ಲ ಬೆಳಕಿಗೆ ಬಂದ ಮೇಲೆಯೇ. ಹಾಗೇ ಲಿಸ್ಯೂ ನಗರದ ಪುಟ್ಟ ತೆರೇಸಾ. ಅವರ ತಂದೆ ತಾಯಿ ಇಬ್ಬರನ್ನೂ 2015ರಲ್ಲಿ ಸಂತರ ಸಾಲಿಗೆ ಸೇರಿಸಿದರು. ಅಂಥ ಮನೆಯಲ್ಲಿ ಬೆಳೆದ ಮಗಳೂ 1897ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸಾಯುವ ಮುಂಚೆ ಒಂದೂವರೆ ವರ್ಷ ಆ ಕತ್ತಲೆಯಲ್ಲೇ ಕಳೆದರು. ಕತ್ತಲೆ ಬಂತು ಎಂದರೆ ಬೆಳೆಸಿದವರು ಸರಿಯಿಲ್ಲ ಎಂದು ಅರ್ಥವಲ್ಲ.

ಯಾತ್ರೆಗೆ ಬಂದವರಿಗೆ ಲೂಕನ ಎರಡನೇ ಅಧ್ಯಾಯ ಬೇಗ ಅರ್ಥವಾಗುತ್ತದೆ. ಮಾತೆ ಮರಿಯಮ್ಮನವರೂ ಜೋಸೆಫರೂ ಪ್ರತಿ ವರ್ಷ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಯಾತ್ರೆ ಹೋಗುತ್ತಿದ್ದರು. ಮಗನಿಗೆ ಹನ್ನೆರಡು ವರ್ಷ ಆದಾಗ, ಹಿಂದಿರುಗುವ ದಾರಿಯಲ್ಲಿ ನೋಡಿದರೆ ಮಗ ಇಲ್ಲ! ಗುಂಪಿನಲ್ಲಿ ಎಲ್ಲೋ ಇರುತ್ತಾನೆ ಎಂದು ಒಂದು ದಿನದ ದಾರಿ ನಡೆದುಬಿಟ್ಟಿದ್ದರು. ನಾವೂ ಹಾಗೇ, ಮಕ್ಕಳು ಗುಂಪಿನಲ್ಲಿದ್ದಾರೆ ಎಂದುಕೊಂಡು ಎಷ್ಟೋ ದೂರ ನಡೆದುಬಿಡುತ್ತೇವೆ. ಮೂರು ದಿನದ ಮೇಲೆ ಸಿಕ್ಕಿದಾಗ ಮಗ ಹೇಳಿದ ಮಾತು ಹೆತ್ತವರಿಗೆ ಅರ್ಥವಾಗಲಿಲ್ಲ ಎಂದು ಲೂಕ ಮುಚ್ಚುಮರೆ ಇಲ್ಲದೆ ಬರೆಯುತ್ತಾನೆ. ಮಗ ಅಲ್ಲಿ ಏನು ಮಾಡುತ್ತಿದ್ದ? ಪಂಡಿತರ ನಡುವೆ ಕೂತು ಕೇಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ. ತಾಯಿ ನೋವು ತೋಡಿಕೊಂಡರು, ಗದರಿಸಿ ಬಾಯಿ ಮುಚ್ಚಿಸಲಿಲ್ಲ. ಅರ್ಥವಾಗದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು.

ಊರಿಂದ ಬಂದವನೇ ಮಗಳಿಗೆ ಎಲ್ಲವನ್ನೂ ಹೇಳಿದೆ, ಅಪ್ಪನದು, ನನ್ನದು, ಹತ್ತು ಪೈಸೆಯದು. ದೃಢೀಕರಣ ನಿಲ್ಲಿಸಿದೆವು. ನೆಂಟರು ಒಂದಿಷ್ಟು ಆಡಿಕೊಂಡರು, ಆಮೇಲೆ ಮರೆತರು. ಮಗಳು ಆಮೇಲೆ ಭಕ್ತೆಯಾಗಿಬಿಟ್ಟಳು ಎಂದು ನಾನು ಬರೆದರೆ ನಿಮಗೆ ಓದಲು ಸಂತೋಷ, ಆದರೆ ಅದು ನಿಜವಲ್ಲ. ಅವಳು ಕೆಲವು ಭಾನುವಾರ ಪೂಜೆಗೆ ಹೋಗುತ್ತಾಳೆ, ಹೆಚ್ಚಿನ ಭಾನುವಾರ ಹೋಗುವುದಿಲ್ಲ. ಹೋಗದ ದಿನ ಹೋಗಲಿಲ್ಲ ಅಪ್ಪ ಎಂದು ಹೇಳುತ್ತಾಳೆ. ನಾನು ಕೇಳದೆ ಇದ್ದರೂ ಹೇಳುತ್ತಾಳೆ. ದಾರಿ ಬಿಟ್ಟ ಎಲ್ಲರೂ ಹಿಂದಿರುಗುತ್ತಾರೆ ಎಂಬ ಭರವಸೆಯನ್ನು ನಾನು ನಿಮಗೆ ಕೊಡಲಾರೆ. ಹಾಸ್ಟೆಲಿನಲ್ಲಿ ನನ್ನ ಜೊತೆ ಬಿಟ್ಟ ಗೆಳೆಯನೊಬ್ಬ ಹಿಂದಿರುಗಲೇ ಇಲ್ಲ, ನನಗಿಂತ ಒಳ್ಳೆಯ ಮನುಷ್ಯ.

ನನ್ನ ಹರಕೆಯ ವಿಷಯ ಉಳಿಯಿತು. ತಂಗಿ ಬದುಕಲಿಲ್ಲ, ಆದ್ದರಿಂದ ಬೆಟ್ಟಕ್ಕೆ ನನ್ನ ಸಾಲ ಏನೂ ಇಲ್ಲ. ಲೆಕ್ಕ ಹಾಗೇ ಹೇಳುತ್ತದೆ. ಆದರೂ 2010ರಲ್ಲಿ ಬಂದೆ, ಅಪ್ಪನನ್ನೂ ಕರೆದುಕೊಂಡು. ಮೊಣಕಾಲಲ್ಲಿ ಅಲ್ಲ, ನಡೆದುಕೊಂಡೇ, ಅಲ್ಲಲ್ಲಿ ಕೂರುತ್ತಾ. ಏನನ್ನೂ ಕೇಳಲಿಲ್ಲ. ತಂಗಿಯ ಹೆಸರಲ್ಲಿ ಒಂದು ಬತ್ತಿ ಹಚ್ಚಿದೆವು. ಕೆಳಗೆ ಇಳಿದ ಮೇಲೆ ಅಪ್ಪ ಕಡಲೆಮಿಠಾಯಿ ಕೊಡಿಸಿದರು! 2014ರಲ್ಲಿ ಅಪ್ಪ ಹೋದರು. ಅಲ್ಲಿಂದ ನಾನು ಒಬ್ಬನೇ ಬರುತ್ತಿದ್ದೆ.

ಹೋದ ವರ್ಷ ಮಗಳು, "ನಿಮಗೆ ಮಂಡಿ ನೋವು, ಒಬ್ಬರೇ ಬೇಡ, ನಾನೂ ಬರ್ತೀನಿ" ಎಂದು ಹೊರಟಳು. ಮೇಲೆ ಬರುವಾಗ ಹೊತ್ತು ಇಳಿದಿತ್ತು. ಗವಿಯ ಮುಂದೆ ಜನ ಕಡಿಮೆ. ಕಲ್ಲುಬೆಂಚಿನ ಮೇಲೆ ಕೂತು ಅಪ್ಪನ ಹಳೇ ಜಪಸರ ತೆಗೆದೆ. ಅವಳು ಬತ್ತಿ ಹಚ್ಚಿ ಬಂದು ಪಕ್ಕದಲ್ಲಿ ಕೂತಳು. ನಾನು ಶುರು ಮಾಡಲೋ ಬೇಡವೋ ಎಂದು ನೋಡುತ್ತಿದ್ದೆ. ಅವಳಾಗಿಯೇ ಅಂದಳು:

"ನೀವು ಮೊದಲರ್ಧ ಹೇಳಿ ಅಪ್ಪ. ತಾತ ಹೇಳ್ತಿದ್ದ ಅರ್ಧ ನಾನು ಹೇಳ್ತೀನಿ."